ಮುಪ್ಪಿನ ದೀರ್ಘವ್ಯಾಧಿಯೂ ಮಿತವಾದ ಚಿಕಿತ್ಸೆಯೂ



ಮುತ್ತಿನಕೊಪ್ಪದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ವೃದ್ಧರನ್ನು ನೋಡುವದಕ್ಕೆ ಮನೆಮನೆಗೆ ಹೋಗುವವರಿಗೆ ಒಂದು ವಸ್ತುವು ತಪ್ಪದೆ ಕಣ್ಣಿಗೆ ಬೀಳುವದು. ಅದೇನಂದರೆ, ಮಂಚದ ತಲೆದೆಸೆಯಲ್ಲಿ ಗೋಡೆಯ ಮೊಳೆಗೆ ತೂಗಹಾಕಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಬಗೆಬಗೆಯ ಮಾತ್ರೆಗಳು, ಅರ್ಧ ಮುಗಿದ ಟಾನಿಕ್ಕಿನ ಶೀಷೆ, ಮೂರು ನಾಲ್ಕು ವೈದ್ಯರ ಚೀಟಿಗಳು. "ಅಜ್ಜಿ, ಇವುಗಳಲ್ಲಿ ಯಾವದು ಯಾತಕ್ಕೆ?" ಎಂದು ಕೇಳಿದರೆ, "ನನಗೇನು ಗೊತ್ತಪ್ಪಾ, ಡಾಕ್ಟ್ರು ಕೊಟ್ಟದ್ದು, ಸೊಸೆ ಕೊಡ್ತಾಳೆ, ನುಂಗ್ತೇನೆ" ಎಂಬ ಉತ್ತರವು ಬರುವದು. ಈ ತಿಂಗಳ ಪಾಠದಲ್ಲಿ ನಾವು ಆ ಚೀಲವನ್ನು ಬಿಚ್ಚಿ ನೋಡುವಾ.

ನಮ್ಮ ಹಿರಿಯರ ಕಾಲದಲ್ಲಿ ಇಂಥ ಚೀಲವು ಇರಲಿಲ್ಲ. ಆಗ ಮಲೆನಾಡಿನ ವ್ಯಾಧಿಯೆಂದರೆ ಚಳಿಜ್ವರ. ಇದರ ಭಯದಿಂದ ಬಯಲುಸೀಮೆಯವರು ಇತ್ತ ಹೆಣ್ಣು ಕೊಡುವದಕ್ಕೆ ಹಿಂಜರಿಯುತ್ತಿದ್ದರು. ಕ್ವಿನೈನ್ ನುಂಗಿದವನು ಎದ್ದನು; ಏಳದವನು ಹೋದನು. ೧೯೫೩ರಲ್ಲಿ ನಮ್ಮ ದೇಶದಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯವು ಆರಂಭವಾಗಿ, ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆದ ಮೇಲೆ, ಆ ಜ್ವರದ ಉಪದ್ರವವು ಬಹಳ ಮಟ್ಟಿಗೆ ತಗ್ಗಿತು. ಆದರೆ ಆ ಕಾಲದ ಒಂದು ನಂಬಿಕೆಯು ನಮ್ಮಲ್ಲಿ ಉಳಿದಿದೆ. ರೋಗವೆಂಬದು ಹೊರಗಿನಿಂದ ಒಳಹೊಕ್ಕದ್ದು, ತಕ್ಕ ಮದ್ದು ಬಿದ್ದರೆ ಅದು ಓಡಿಹೋಗಲೇಬೇಕು, ಓಡದಿದ್ದರೆ ಮದ್ದು ಸಾಲದು ಅಥವಾ ವೈದ್ಯನು ಸಾಲದು ಎಂದು ನಾವು ಎಣಿಸುತ್ತೇವೆ.

ಈಗ ಎಪ್ಪತ್ತು ಎಂಭತ್ತು ವರುಷ ದಾಟಿದವರಲ್ಲಿ ಕಾಣುವ ವ್ಯಾಧಿಗಳು ಆ ಜಾತಿಯವಲ್ಲ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮೊಣಕಾಲಿನ ಸವೆತ, ಹೃದಯದ ನಿತ್ರಾಣ, ಮೂತ್ರಪಿಂಡಗಳ ದೌರ್ಬಲ್ಯ, ದಮ್ಮು, ಇವು ಬಂದ ಮೇಲೆ ಹೋಗುವದಿಲ್ಲ. ಹದದಲ್ಲಿಟ್ಟುಕೊಂಡು ಇವುಗಳ ಸಂಗಡ ಬಾಳಬೇಕು. ಹೀಗಿರುವಲ್ಲಿ ಕೇಳತಕ್ಕ ಪ್ರಶ್ನೆಯೂ ಬೇರೆಯಾಗುವದು. ಈ ಮಾತ್ರೆಯಿಂದ, ಈ ಪರೀಕ್ಷೆಯಿಂದ, ಈ ಪ್ರಯಾಣದಿಂದ ಅಜ್ಜನಿಗೆ ಏನು ದೊರಕುವದು? ಅವನು ಕೋಲು ಹಿಡಿದು ಅಡಿಕೆಯ ಅಂಗಳದ ತನಕ ನಡೆದಾನೋ? ರಾತ್ರಿ ನಿದ್ರೆ ಬಂದೀತೋ? ತನ್ನ ಕೈಯಿಂದ ತಾನೇ ಉಂಡಾನೋ? ಭಾನುವಾರ ಸಭೆಗೆ ಬಂದು ಕೂತಾನೋ? ಇವುಗಳಲ್ಲಿ ಯಾವದನ್ನೂ ಕೊಡದೆ ಕಾಗದದ ಮೇಲಿನ ಒಂದು ಅಂಕೆಯನ್ನು ಮಾತ್ರ ಸರಿಮಾಡುವ ಚಿಕಿತ್ಸೆಯ ವಿಷಯವಾಗಿ ಎರಡನೆಯ ಸಲ ಯೋಚಿಸಬೇಕು.

ಒಬ್ಬ ಅಜ್ಜಿಯ ಚೀಲದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅದರಲ್ಲಿ ಹನ್ನೊಂದು ಬಗೆಯ ಮಾತ್ರೆಗಳಿದ್ದವು. ಮೊದಲು ಅವಳಿಗೆ ರಕ್ತದ ಒತ್ತಡಕ್ಕೆಂದು ಆಮ್ಲೋಡಿಪಿನ್ ಎಂಬ ಮಾತ್ರೆಯನ್ನು ಒಬ್ಬ ವೈದ್ಯರು ಕೊಟ್ಟರು. ಅದು ಒಳ್ಳೆಯ ಮಾತ್ರೆಯೇ. ಆದರೆ ಕೆಲವರಲ್ಲಿ ಅದರಿಂದ ಪಾದಗಳು ಊದಿಕೊಳ್ಳುವವು. ಪಾದ ಊದಿತೆಂದು ಬೇರೊಂದು ಊರಿನ ವೈದ್ಯರ ಬಳಿಗೆ ಹೋದಾಗ, ಹಿಂದಿನ ಚೀಟಿಯನ್ನು ಒಯ್ಯದ ಕಾರಣ, ಅವರು ನೀರು ಇಳಿಸುವ ಮಾತ್ರೆಯನ್ನು ಬರೆದರು. ಇದರಿಂದ ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಲಿಗೆ ಹೋಗಬೇಕಾಯಿತು, ನಿದ್ರೆ ಕೆಟ್ಟಿತು. ನಿದ್ರೆಗೆಂದು ಮತ್ತೊಂದು ಮಾತ್ರೆ ಸೇರಿತು. ಆ ಮಾತ್ರೆಯ ಮಂಪರಿನಲ್ಲಿ ಎದ್ದು ಹೋಗುವಾಗ ತಲೆ ಸುತ್ತಿತು. ತಲೆಸುತ್ತಿಗೂ ಒಂದು ಮಾತ್ರೆ ಬಂತು. ಇಷ್ಟರ ನಡುವೆ ಆಮ್ಲೋಡಿಪಿನ್ ಮಾತ್ರೆಯೇ ಬೇರೊಂದು ಕಂಪೆನಿಯ ಹೆಸರಿನಲ್ಲಿ ಎರಡನೆಯ ಸಲ ಚೀಲವನ್ನು ಹೊಕ್ಕಿತ್ತು. ಹೆಸರು ಎರಡು, ಮದ್ದು ಒಂದೇ ಎಂಬದು ಮನೆಯವರಿಗೆ ಹೇಗೆ ತಿಳಿಯಬೇಕು? ಕಡೆಗೆ ಒಬ್ಬ ವೈದ್ಯರು ಚೀಲವನ್ನು ಮೇಜಿನ ಮೇಲೆ ಸುರಿಸಿ, ಒಂದೊಂದನ್ನೇ ಎತ್ತಿ ನೋಡಿ, ಹನ್ನೊಂದರಲ್ಲಿ ನಾಲ್ಕನ್ನು ಮಾತ್ರ ಉಳಿಸಿದರು. ಕೆಲವನ್ನು ಆ ದಿನವೇ ನಿಲ್ಲಿಸಿದರು, ಕೆಲವನ್ನು ವಾರಗಳ ಮೇಲೆ ಮೆಲ್ಲಗೆ ಇಳಿಸಿದರು. ಇಲ್ಲಿ ಯಾವ ವೈದ್ಯರೂ ದುಷ್ಟರಲ್ಲ. ಒಬ್ಬೊಬ್ಬರೂ ತಮ್ಮ ಎದುರಿಗಿದ್ದ ಒಂದೊಂದು ಕಷ್ಟಕ್ಕೆ ಮದ್ದು ಕೊಟ್ಟರು. ಚೀಲದ ಸಮಸ್ತವನ್ನು ನೋಡಿದವರು ಮಾತ್ರ ಇರಲಿಲ್ಲ.

ಇದು ನಮ್ಮ ಸೀಮೆಯ ಸಂಗತಿ ಮಾತ್ರವೇ ಎಂದು ತಿಳಿಯಬಾರದು. ಅಮೇರಿಕ ದೇಶದಲ್ಲಿ ಮಾರ್ಕ್ ಬಿಯರ್ಸ್ ಎಂಬ ವೈದ್ಯನು, ವೃದ್ಧರಿಗೆ ಲಾಭಕ್ಕಿಂತ ಹಾನಿಯನ್ನೇ ಹೆಚ್ಚಾಗಿ ಮಾಡಬಹುದಾದ ಔಷಧಗಳ ಪಟ್ಟಿಯೊಂದನ್ನು ೧೯೯೧ರಲ್ಲಿ ಪ್ರಕಟಿಸಿದನು. ಅದನ್ನು ತಿದ್ದುತ್ತಾ ಬಂದು ೨೦೨೩ರಲ್ಲಿಯೂ ಹೊಸದಾಗಿ ಹೊರಡಿಸಿದರು. ನಿದ್ರೆಯ ಮಾತ್ರೆಗಳೂ, ಬಹುಕಾಲ ತಿನ್ನುವ ನೋವಿನ ಮಾತ್ರೆಗಳೂ, ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಯೂ ಅದರಲ್ಲಿವೆ.

ಇನ್ನು ಗ್ಲೂಕೋಸಿನ ಬಾಟಲಿಯ ಮಾತು. ಅಜ್ಜನಿಗೆ ನಿತ್ರಾಣವಾಯಿತು, ಊಟ ಸೇರದು ಎಂದಾಕ್ಷಣ, "ಒಂದು ಬಾಟ್ಲಿ ಹಾಕ್ಸಿದ್ರೆ ಶಕ್ತಿ ಬರ್ತದೆ" ಎಂದು ಬಾಡಿಗೆಯ ಜೀಪು ಮಾಡಿಕೊಂಡು ಹೊರಡುವವರು ಎಷ್ಟು ಮಂದಿ! ಹಾಕುವದಿಲ್ಲವೆಂದು ಹೇಳುವ ವೈದ್ಯನಿಗೆ ಕೈಗುಣವಿಲ್ಲವೆಂಬ ಹೆಸರು ಬರುವದು. ಆ ಬಾಟಲಿಯಲ್ಲಿ ಏನಿದೆಯೆಂದು ಲೆಕ್ಕ ಹಾಕಿ ನೋಡಿರಿ. ಸಾಧಾರಣವಾಗಿ ಹಾಕುವ ಅರ್ಧ ಲೀಟರಿನ ಬಾಟಲಿಯಲ್ಲಿ ನೂರಕ್ಕೆ ೫ರಂತೆ ೨೫ ಗ್ರಾಂ ಗ್ಲೂಕೋಸ್ ಇರುವದು. ಅದರಿಂದ ದೇಹಕ್ಕೆ ಸಿಕ್ಕುವ ಶಕ್ತಿಯು ಹೆಚ್ಚೆಂದರೆ ೧೦೦ ಕ್ಯಾಲೊರಿ. ಒಂದು ದೊಡ್ಡ ಸೌಟು ಅನ್ನವು ಇಷ್ಟನ್ನು ಕೊಡುವದು. ಜೀಪಿನ ಬಾಡಿಗೆಯೂ ಸೂಜಿಯ ನೋವೂ ಉಳಿಯುವದು. ಉಪ್ಪುನೀರಿನ ಬಾಟಲಿಯಾದರೆ ಅರ್ಧ ಲೀಟರಿನಲ್ಲಿ ೪.೫ ಗ್ರಾಂ ಉಪ್ಪಿದೆ. ದೊಡ್ಡವನೊಬ್ಬನು ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಾಗ, ಹೃದಯ ಸೋತವನ ರಕ್ತಕ್ಕೆ ಅಷ್ಟು ಉಪ್ಪನ್ನೂ ನೀರನ್ನೂ ಒಂದೆರಡು ತಾಸಿನಲ್ಲಿ ಇಳಿಸಿದರೆ ಏನಾದೀತು? ಶ್ವಾಸಕೋಶದಲ್ಲಿ ನೀರು ತುಂಬಿ, ಶಕ್ತಿಗೆಂದು ಹೋದವನು ಉಸಿರಿಗಾಗಿ ಒದ್ದಾಡುವನು. ವಾಂತಿಭೇದಿಯಿಂದ ಒಣಗಿದವನಿಗೂ ಬಾಯಿಂದ ಏನನ್ನೂ ಇಳಿಸಲಾರದವನಿಗೂ ಆ ಬಾಟಲಿಯು ಪ್ರಾಣ ಉಳಿಸುವ ಸಾಧನವೇ. ಉಣ್ಣಬಲ್ಲವನಿಗೆ ಅದು ಬೇಡ. ಊಟ ಸೇರದಿದ್ದರೆ ಹಲ್ಲು ನೋಯುತ್ತದೋ, ಮಲಬದ್ಧತೆಯೋ, ಯಾವದಾದರೂ ಮಾತ್ರೆಯು ನಾಲಗೆಯ ರುಚಿಯನ್ನು ಕೆಡಿಸಿತೋ, ಅಥವಾ ಒಬ್ಬನೇ ಕೂತು ಉಣ್ಣುವದಕ್ಕೆ ಮನಸ್ಸಿಲ್ಲವೋ ಎಂದು ಮೊದಲು ವಿಚಾರಿಸಬೇಕು. ಕಡೆಯದೇ ಕಾರಣವಾಗಿರುವ ಮನೆಗಳನ್ನು ನಾನು ಬಲ್ಲೆನು.

ಸಕ್ಕರೆ ಕಾಯಿಲೆಯಲ್ಲಿ ಜನರು ಅಂಕೆಗೆ ಹೆದರುವರು. ನಡುವಯಸ್ಸಿನವನಿಗೆ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ೧ಸಿ ಪರೀಕ್ಷೆಯಲ್ಲಿ ಅಂಕೆಯು ೭ರೊಳಗೆ ಇರಲೆಂದು ವೈದ್ಯರು ಬಯಸುವದು ಯುಕ್ತವಾದದ್ದು. ಯಾಕಂದರೆ ಕಣ್ಣು, ಮೂತ್ರಪಿಂಡ, ನರಗಳು ಮುಂದಿನ ಮೂವತ್ತು ವರುಷ ಕೆಡದೆ ಇರಬೇಕು. ಆದರೆ ಅನೇಕ ರೋಗಗಳಿಂದ ಬಳಲುವ ಎಂಭತ್ತರ ಮುದುಕನಿಗೆ ೮ರ ಸುತ್ತಲಿದ್ದರೂ ಸಾಕೆಂದು ಈಗಿನ ವೈದ್ಯಶಾಸ್ತ್ರದ ಸೂಚನೆ. ಅವನಿಗೆ ಸಕ್ಕರೆ ತುಸು ಹೆಚ್ಚಾಗುವದಕ್ಕಿಂತ ಒಮ್ಮೆಲೇ ತೀರಾ ಇಳಿಯುವದೇ ಹೆಚ್ಚು ಅಪಾಯ. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು, ಊಟವನ್ನು ಅರ್ಧಕ್ಕೆ ಬಿಟ್ಟು ಮಲಗಿದವನು ನಡುರಾತ್ರಿ ಬೆವರಿ, ನಡುಗಿ, ಏನೇನೋ ಮಾತಾಡತೊಡಗಿದರೆ, ಸಕ್ಕರೆ ೭೦ಕ್ಕಿಂತ ಕೆಳಗಿಳಿದಿರಬಹುದೆಂದು ಸಂಶಯಪಡಬೇಕು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ಕಲಸಿದ ನೀರನ್ನು ಕುಡಿಸಿರಿ. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕದೆ ೧೦೮ಕ್ಕೆ ಕರೆಮಾಡಿರಿ.

ರಕ್ತದ ಒತ್ತಡದ ವಿಷಯದಲ್ಲಿ ಇನ್ನೊಂದು ಬಗೆಯ ತಪ್ಪು ತಿಳುವಳಿಕೆಯುಂಟು. "ವಯಸ್ಸಾಯಿತು, ಇನ್ನು ಬಿ.ಪಿ. ಮಾತ್ರೆ ಯಾಕೆ?" ಎಂದು ಬಿಟ್ಟುಬಿಡುವವರಿದ್ದಾರೆ. ೨೦೦೮ರಲ್ಲಿ ಪ್ರಕಟವಾದ ಹೈವೆಟ್ ಎಂಬ ಶೋಧನೆಯಲ್ಲಿ, ೮೦ ವರುಷ ದಾಟಿದ ೩,೮೪೫ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಮಾತ್ರೆಯನ್ನೂ ಉಳಿದವರಿಗೆ ಮದ್ದಿಲ್ಲದ ಮಾತ್ರೆಯನ್ನೂ ಕೊಟ್ಟು ನೋಡಿದರು. ಮದ್ದು ತಿಂದವರಲ್ಲಿ ಹೃದಯದ ಸೋಲೂ ಮರಣವೂ ಸ್ಪಷ್ಟವಾಗಿ ಕಡಿಮೆಯಾದವು. ಆದಕಾರಣ ಎಂಭತ್ತರ ಮೇಲೆಯೂ ಈ ಮದ್ದು ವ್ಯರ್ಥವಲ್ಲ. ಆದರೆ ಅವರು ಗುರಿಯಾಗಿ ಇಟ್ಟುಕೊಂಡದ್ದು ೧೫೦ರ ಮೇಲೆ ೮೦. ತರುಣರಿಗೆ ಇಡುವಷ್ಟು ಕೆಳಗಿನ ಅಂಕೆಯಲ್ಲ. ತೀರಾ ಇಳಿಸಿದರೆ ಹಾಸಿಗೆಯಿಂದ ಎದ್ದಕೂಡಲೇ ಕಣ್ಣುಕತ್ತಲೆ ಬಂದು ಬೀಳುವರು. ಅದಕ್ಕಾಗಿ, ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ ಒತ್ತಡವನ್ನು ಅಳೆಯಿರೆಂದು ದಾದಿಯನ್ನು ಕೇಳಿಕೊಳ್ಳಿರಿ. ಮಳೆಗಾಲದಲ್ಲಿ ಪಾಚಿಗಟ್ಟಿದ ನಮ್ಮ ಅಂಗಳದಲ್ಲಿ ಒಂದು ಸಲ ಜಾರಿ ಬಿದ್ದರೆ ತೊಡೆಯ ಮೂಳೆ ಮುರಿಯುವದು. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಯನ್ನು ದಿನಕ್ಕೆ ಮೂರು ಹೊತ್ತು ನಂಚಿಕೊಂಡು, ಒತ್ತಡ ಇಳಿಯಲಿಲ್ಲವೆಂದು ಮಾತ್ರೆ ಹೆಚ್ಚಿಸುವದು ಏನು ವಿವೇಕ?

ಸಂತೆಯಲ್ಲಿಯೂ ಬಸ್ಸು ನಿಲ್ದಾಣದ ಬಳಿಯಲ್ಲಿಯೂ ಮಾರುವ, ಹೆಸರಿಲ್ಲದ ಮಂಡಿನೋವಿನ ಪುಡಿಯನ್ನು ಕುರಿತು ಒಂದೇ ಮಾತು. ತಿಂದ ಎರಡನೆಯ ದಿನವೇ ನೋವು ಮಾಯವಾಗಿ, ಕೆಲವು ವಾರಗಳಲ್ಲಿ ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಅದು ಮೂಳೆಯನ್ನು ಟೊಳ್ಳು ಮಾಡುವದು, ಸಕ್ಕರೆಯನ್ನು ಏರಿಸುವದು; ತಟ್ಟನೆ ಬಿಟ್ಟರೂ ಅಪಾಯ. ಪುಡಿಯ ಪೊಟ್ಟಣವನ್ನೇ ವೈದ್ಯರಿಗೆ ತೋರಿಸಿರಿ. ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಗಳನ್ನು ದಿನಾಲು ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುವದು, ಮೂತ್ರಪಿಂಡಗಳು ಕೆಡುವವು. ಬಿಸಿನೀರಿನ ಶಾಖ, ಊರುಗೋಲು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸ, ಕೂತು ಏಳಲು ಸುಲಭವಾದ ಎತ್ತರದ ಕಕ್ಕಸು, ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ಇವು ಹೆಚ್ಚು ಕಾಲ ಬಾಳುವ ಉಪಾಯಗಳು.

ಇಷ್ಟನ್ನು ಓದಿ ಯಾರಾದರೂ, "ಹಾಗಾದರೆ ಮುದುಕರನ್ನು ಆಸ್ಪತ್ರೆಗೆ ಒಯ್ಯುವದೇ ಬೇಡ, ಖರ್ಚು ಉಳಿಯಿತು" ಎಂದು ಹೇಳುವದಾದರೆ, ಅವರು ಈ ಪಾಠವನ್ನು ತಲೆಕೆಳಗಾಗಿ ಹಿಡಿದು ಓದಿದ್ದಾರೆ. ಅತಿಯಾದ ಚಿಕಿತ್ಸೆಯ ಹೆಸರಿನಲ್ಲಿ ಉಪೇಕ್ಷೆ ಮಾಡುವದು ಪಾಪವೇ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ, ಒಂದು ನಿಮಿಷವನ್ನೂ ಕಳೆಯದೆ ಹೊರಡಬೇಕು. ಮಿದುಳಿನ ರಕ್ತನಾಳದ ಗಡ್ಡೆಯನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುವದು, ಶಿವಮೊಗ್ಗದ ದಾರಿಯೇ ಅದರಲ್ಲಿ ಒಂದು ಪಾಲನ್ನು ನುಂಗುವದು. ತೊಡೆಯ ಮೂಳೆ ಮುರಿದ ಎಂಭತ್ತೈದರ ಅಜ್ಜಿಗೂ ಶಸ್ತ್ರಚಿಕಿತ್ಸೆಯು ಅನೇಕ ವೇಳೆ ನೋವನ್ನು ತಗ್ಗಿಸಿ, ಹಾಸಿಗೆಯ ಹುಣ್ಣುಗಳಿಂದ ತಪ್ಪಿಸುವದು. ಕಣ್ಣಿನ ಪೊರೆ ತೆಗೆಸುವದು ಯಾವ ವಯಸ್ಸಿನಲ್ಲಿಯೂ ಅತಿಯಲ್ಲ. ಚಳಿಗಾಲ ಬೇಸಗೆಗಳಲ್ಲಿ ಕಾಡಿಗೆ ದರಗಿಗೋ ಸೌದೆಗೋ ಹೋದವನಿಗೆ ಜ್ವರ ಬಂದರೆ ಅದನ್ನು ಮುಪ್ಪಿನ ನಿತ್ರಾಣವೆಂದು ತಳ್ಳಿಹಾಕಬಾರದು. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ೨೦೨೪ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು. ಆ ಜ್ವರದಲ್ಲಿ ರಕ್ತಸ್ರಾವವಾಗುವದರಿಂದ ಆಸ್ಪಿರಿನ್, ಡೈಕ್ಲೋಫಿನಾಕ್‌ಗಳನ್ನು ಮನೆಯಲ್ಲೇ ನುಂಗಿಸುವದು ಕೂಡದು.

ಈಗ ಬಹು ಕಠಿಣವಾದ ಭಾಗಕ್ಕೆ ಬರುತ್ತೇನೆ. ವರುಷಗಟ್ಟಲೆ ಹಾಸಿಗೆ ಹಿಡಿದ ತಂದೆಯ ಸ್ಥಿತಿ ಒಂದು ರಾತ್ರಿ ಬಿಗಡಾಯಿಸಿತೆನ್ನಿರಿ. ಬೆಂಗಳೂರಿನಿಂದ ಮಗನು ರಾತ್ರಿಯ ಬಸ್ಸಿನಲ್ಲಿ ಬಂದಿಳಿಯುವನು. ಎರಡು ವರುಷ ಮಲಮೂತ್ರಗಳನ್ನು ತೆಗೆದು, ಗಂಜಿ ಕುಡಿಸಿದ ಸೊಸೆಯನ್ನು ಯಾರೂ ಕೇಳುವದಿಲ್ಲ. ಬಂದ ಮಗನು, "ಎಷ್ಟು ಖರ್ಚಾದರೂ ಆಗಲಿ, ಮಣಿಪಾಲಕ್ಕೆ ಒಯ್ಯೋಣ" ಎನ್ನುವನು. ಅವನ ಪ್ರೀತಿಯು ಸುಳ್ಳಲ್ಲ, ಆದರೆ ಅದರಲ್ಲಿ ಊರವರ ಬಾಯಿಯ ಭಯವೂ, ದೂರವಿದ್ದದರ ಮನಶ್ಚುಚ್ಚೂ ಸೇರಿರುವದು. ಘಾಟಿಯ ತಿರುವುಗಳನ್ನು ಇಳಿದು, ಐ.ಸಿ.ಯು.ವಿನಲ್ಲಿ ಗಂಟಲಿಗೆ ನಳಿಕೆ, ಕೈಗೆ ಸೂಜಿ, ಹೊರಗಿನ ಬೆಂಚಿನ ಮೇಲೆ ಮನೆಯವರು. ಹದಿನೈದು ದಿನಗಳ ಮೇಲೆ ತಂದೆಯು ತೀರಿಕೊಂಡಾಗ ಅರ್ಧ ಎಕರೆ ಅಡಿಕೆ ತೋಟದ ಪತ್ರವು ಅಡವಿನಲ್ಲಿರುವದು, ಕಡೆಯ ಮಾತನ್ನು ಕೇಳಿದವರು ಯಾರೂ ಇಲ್ಲ. ಗುಣವಾಗಬಹುದಾದ ನ್ಯುಮೋನಿಯಾ ಹಿಡಿದ ಗಟ್ಟಿಮುಟ್ಟಾದ ಮುದುಕನಿಗೆ ಅದೇ ಐ.ಸಿ.ಯು. ಪ್ರಾಣದಾನ ಮಾಡುವದು. ದೀರ್ಘವ್ಯಾಧಿಯ ಕಡೆಯ ಘಟ್ಟವನ್ನು ಮುಟ್ಟಿದವನಿಗೆ ಅದು ಮರಣವನ್ನು ಉದ್ದ ಮಾಡುವದಷ್ಟೇ. ಎರಡಕ್ಕೂ ಭೇದವನ್ನು ತಿಳಿಯುವದಕ್ಕೆ ವೈದ್ಯರನ್ನು ನೆಟ್ಟಗೆ ಕೇಳಬೇಕು: "ಇವರು ಮೊದಲಿನಂತೆ ಎದ್ದು ಕೂಡುವ ಸಂಭವ ಎಷ್ಟು?"

ಡಯಾಲಿಸಿಸ್ ವಿಷಯದಲ್ಲಿಯೂ ಹೀಗೆಯೇ. ವಾರಕ್ಕೆ ಎರಡು ಮೂರು ಸಲ ಪ್ರಯಾಣಮಾಡಿ ರಕ್ತವನ್ನು ಶುದ್ಧಮಾಡಿಸಿಕೊಂಡು ಹೊಲಗೆಲಸ ಮಾಡುವವರಿದ್ದಾರೆ. ಆದರೆ ಅಮೇರಿಕದಲ್ಲಿ ಆರೈಕೆಯ ಮನೆಗಳಲ್ಲಿದ್ದ ೩,೭೦೨ ಮಂದಿ ದುರ್ಬಲ ರೋಗಿಗಳನ್ನು ಕುರಿತು ೨೦೦೯ರಲ್ಲಿ ಪ್ರಕಟವಾದ ವರದಿಯ ಮೇರೆಗೆ, ಡಯಾಲಿಸಿಸ್ ಆರಂಭಿಸಿದ ಒಂದು ವರುಷದೊಳಗೆ ನೂರರಲ್ಲಿ ೫೮ ಮಂದಿ ತೀರಿಕೊಂಡರು. ಮೊದಲಿನಷ್ಟು ಕೈಕಾಲಾಡುವ ಸ್ಥಿತಿಯನ್ನು ಉಳಿಸಿಕೊಂಡವರು ನೂರರಲ್ಲಿ ೧೩. ಇಂಥವರಿಗೆ ಯಂತ್ರವಿಲ್ಲದೆ, ತುರಿಕೆ, ವಾಂತಿ, ಉಬ್ಬಸಗಳನ್ನು ಮದ್ದಿನಿಂದ ಶಮನ ಮಾಡುತ್ತಾ ಮನೆಯಲ್ಲಿ ನೋಡಿಕೊಳ್ಳುವದು ಕೂಡ ಒಂದು ಚಿಕಿತ್ಸೆಯೇ.

ಈ ಶಮನದ ವಿದ್ಯೆಗೆ ಉಪಶಾಮಕ ಆರೈಕೆ ಎಂದು ಹೆಸರು. ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿ ಕೆಲವು ವೈದ್ಯರು ಇದಕ್ಕೋಸ್ಕರ ಒಂದು ಸಂಘವನ್ನು ಕಟ್ಟಿದರು. ಊರಿನ ಸಾಮಾನ್ಯ ಜನರೇ ತರಬೇತಿ ಹೊಂದಿ ದಾದಿಯರ ಸಂಗಡ ರೋಗಿಗಳ ಮನೆಗೆ ಹೋಗುವ ಪದ್ಧತಿಯು ಕೇರಳದಲ್ಲಿ ಹರಡಿತು, ೨೦೦೮ರಲ್ಲಿ ಅಲ್ಲಿನ ಸರಕಾರವೇ ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ನಮ್ಮ ನರಸಿಂಹರಾಜಪುರ ಸೀಮೆಯಲ್ಲಿ ಕೇರಳದಿಂದ ಬಂದು ನೆಲೆಸಿದ ಮನೆತನಗಳು ಅನೇಕ. ಅವರ ನಂಟರನ್ನು ವಿಚಾರಿಸಿದರೆ ಅದರ ಕ್ರಮವು ತಿಳಿದುಬರುವದು. ಬೆಂಗಳೂರಿನಲ್ಲಿ ಕರುಣಾಶ್ರಯವೆಂಬ ಧರ್ಮಸಂಸ್ಥೆಯು, ಗುಣವಾಗದ ಹಂತವನ್ನು ಮುಟ್ಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ನಮ್ಮ ಸಭೆಯ ಯೌವನಸ್ಥರಲ್ಲಿ ನಾಲ್ಕು ಮಂದಿ ರೋಗಿಯನ್ನು ಮಗ್ಗುಲು ಹೊರಳಿಸುವದನ್ನೂ, ಹುಣ್ಣು ತೊಳೆಯುವದನ್ನೂ, ಬಾಯಿ ಶುಚಿಮಾಡುವದನ್ನೂ ಕಲಿತರೆ ಆ ಸೊಸೆಯು ವಾರಕ್ಕೆ ಒಂದು ಮಧ್ಯಾಹ್ನವಾದರೂ ನಿದ್ರೆ ಮಾಡಾಳು.

ಮದ್ದನ್ನು ನಿಲ್ಲಿಸುವದು ಅವಿಶ್ವಾಸವೆಂದು ಕೆಲವರು, ಮದ್ದನ್ನು ತಿನ್ನುವದೇ ಅವಿಶ್ವಾಸವೆಂದು ಬೇರೆ ಕೆಲವರು ನನ್ನೊಡನೆ ವಾದಿಸಿದ್ದಾರೆ. ಸುವಾರ್ತಿಕನಾದ ಲೂಕನು ವೈದ್ಯನಾಗಿದ್ದನು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಶನ್ ಆಸ್ಪತ್ರೆಯು ೧೯೦೬ರಿಂದ ಇದೆ. ಆದದರಿಂದ ಎರಡನೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲನೆಯವರಿಗೆ ಹೇಳುವದೇನಂದರೆ, ಪ್ರಯೋಜನವಿಲ್ಲದ ನಳಿಕೆಯನ್ನು ಬೇಡವೆನ್ನುವದಕ್ಕೂ ಪ್ರಾಣವನ್ನು ತೆಗೆಯುವದಕ್ಕೂ ಬಹಳ ಅಂತರವಿದೆ, ನಮ್ಮ ದೇಶದ ಕಾನೂನು ಕೂಡ ಈ ಅಂತರವನ್ನು ಒಪ್ಪಿದೆ. ೨೦೧೮ರಲ್ಲಿ ಸುಪ್ರೀಂ ಕೋರ್ಟು, ಮನುಷ್ಯನು ಬುದ್ಧಿ ಸ್ವಸ್ಥವಾಗಿರುವಾಗಲೇ ತನ್ನ ಕಡೆಯ ಚಿಕಿತ್ಸೆಯನ್ನು ಕುರಿತು ಬರೆದಿಡಬಹುದೆಂದು ತೀರ್ಪಿತ್ತಿತು, ೨೦೨೩ರಲ್ಲಿ ಅದರ ಕ್ರಮವನ್ನು ಸುಲಭಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢಪಡಿಸಿಕೊಂಡರೆ ಸಾಕು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರಕಾರವು ಇದನ್ನು ಜಾರಿಗೆ ತರುವ ಆಜ್ಞೆಯನ್ನು ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮನವರು ಘನತೆಯಿಂದ ಸಾಯುವ ಹಕ್ಕಿಗಾಗಿ ಅನೇಕ ವರುಷ ಹೋರಾಡಿದವರು. ಗುಣವಾಗುವ ಆಶೆಯಿಲ್ಲದ ರೋಗಿಯ ವಿಷಯದಲ್ಲಿ ವೈದ್ಯರ ಎರಡು ಮಂಡಲಿಗಳು ಒಂದರ ತರುವಾಯ ಒಂದು ನೋಡಿ ಒಪ್ಪಿದ ಮೇಲೆ ಮಾತ್ರ ಯಂತ್ರವನ್ನು ತೆಗೆಯಬಹುದು. ಸಾಯಿಸುವ ಮದ್ದು ಕೊಡುವದಕ್ಕೆ ಈ ಆಜ್ಞೆಯಲ್ಲಿ ಅವಕಾಶವೇ ಇಲ್ಲ.

ಇನ್ನು ಮಾಡತಕ್ಕ ಕೆಲಸವನ್ನು ಹೇಳಿ ಬಿಡುತ್ತೇನೆ. ಈ ಪಾಠವನ್ನು ಓದಿದ ಮೇಲೆ ಯಾರೂ ತಾವಾಗಿಯೇ ಮಾತ್ರೆಗಳನ್ನು ಒಲೆಗೆ ಹಾಕಬಾರದು. ಹೃದಯದ ಬಡಿತ ತಗ್ಗಿಸುವ ಮಾತ್ರೆ, ಸ್ಟೀರಾಯ್ಡ್, ಅಪಸ್ಮಾರದ ಮಾತ್ರೆ, ಇನ್ಸುಲಿನ್, ಬಹುಕಾಲದಿಂದ ತಿಂದ ನಿದ್ರೆಯ ಮಾತ್ರೆ, ಇವನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಕುತ್ತು ಬರಬಹುದು. ಗೋಡೆಯ ಚೀಲವನ್ನು ಇದ್ದಂತೆಯೇ, ಕಷಾಯದ ಪುಡಿ, ನಾಟಿ ಮದ್ದು, ಟಾನಿಕ್ಕು ಸಹಿತವಾಗಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ೨೦೨೪ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಬೇರೆ ಜಿಲ್ಲೆಗಳಿಗೂ ಹರಡಿದ ಗೃಹ ಆರೋಗ್ಯ ಯೋಜನೆಯವರು ಒತ್ತಡ, ಸಕ್ಕರೆಗಳನ್ನು ಪರೀಕ್ಷಿಸಲು ಮನೆಗೆ ಬಂದರೆ ಅವರ ಮುಂದೆಯೂ ಬಿಚ್ಚಿ ತೋರಿಸಿರಿ. ಒಂದೊಂದು ಮಾತ್ರೆಯನ್ನೂ ಎತ್ತಿ ಹಿಡಿದು, ಇದು ಯಾತಕ್ಕೆ, ಎಷ್ಟು ದಿನದ ತನಕ, ತಿನ್ನದಿದ್ದರೆ ಏನಾಗುವದು, ಮಿಕ್ಕವುಗಳ ಸಂಗಡ ಇದು ಹೊಂದುವದೋ ಎಂದು ಕೇಳಿರಿ. ಡಾಕ್ಟರರು ಕೋಪಿಸಿಕೊಳ್ಳುವರೆಂದು ಹೆದರಬೇಡಿರಿ. ಒಳ್ಳೆಯ ಡಾಕ್ಟರರಿಗೆ ಈ ಪ್ರಶ್ನೆಗಳು ಇಷ್ಟವೇ.

ಹಿಂದಿರುಗಿದ ಮೇಲೆ, ಉಳಿದ ಮಾತ್ರೆಗಳ ಹೆಸರು, ಹೊತ್ತು, ಅಳತೆಗಳನ್ನು ಶಾಲೆಗೆ ಹೋಗುವ ಮೊಮ್ಮಗಳಿಂದ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿರಿ. ಅದೇ ಹಾಳೆಯ ಹಿಂಭಾಗದಲ್ಲಿ, ಅಜ್ಜನು ಚೆನ್ನಾಗಿ ಮಾತಾಡುವ ಒಂದು ಸಂಜೆ, ಕಡೆಗಾಲ ಬಂದರೆ ಎಲ್ಲಿ ಇರಬಯಸುತ್ತೇನೆ, ಏನು ಬೇಕು, ಏನು ಬೇಡ ಎಂದು ಅವನ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಬರೆದುಕೊಳ್ಳಿರಿ. ಬೆಂಗಳೂರಿನ ಮಗನಿಗೂ ಅದರ ಪ್ರತಿಯನ್ನು ಕಳುಹಿಸಿರಿ. ಇದು ನೋಟರಿಯ ಪತ್ರಕ್ಕೆ ಬದಲಾಗದು, ಆದರೆ ಆ ರಾತ್ರಿ ಜಗಲಿಯಲ್ಲಿ ನಡೆಯುವ ವಾದಕ್ಕೆ ಉತ್ತರವಾಗುವದು. ನಮ್ಮ ಮಳೆಗೆ ಕಾಗದವು ಒಂದೇ ತಿಂಗಳಲ್ಲಿ ಬೂಸರು ಹಿಡಿಯುವದರಿಂದ ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಅದೇ ಮೊಳೆಗೆ ತೂಗಹಾಕಿರಿ.